ಶ್ರೀಮತಿ ಕಮಲಾಕ್ಷಿಯ ಮೀಸೆ

ಜಯನಗರದಲ್ಲಿ ನಮ್ಮನೆ ಮಹಡಿ ರೂಮಲ್ಲಿ ಒಬ್ರು ಬಾಡಿಗೆಗಿದ್ರು. ಪತ್ರಿಕೆಗಳಿಗೆ ಬರೆದೇ ಬದುಕೋರು. ಅವರ ಮೀಸೆ ಎಷ್ಟು ದೊಡ್ಡದು ಅಂದ್ರೆ, ಮೆಟ್ಟಿಲಲ್ಲಿ ಮೊದಲು ಅದು ಇಳೀತಿತ್ತು, ಆಮೇಲೆ ಅವರು. ಸಿಟ್ಟು ಮೀಸೆಗಿಂತ ದೊಡ್ಡದು. "ಬರೆಯೋಕೆ ಒಂದು ದಿನ, ಕಾಸು ಕೇಳೋಕೆ ಮೂರು ತಿಂಗಳು!" ಅಂತ ಮೇಜು ಗುದ್ದಿದ್ರೆ ಇಂಕ್ ಬಾಟ್ಲು ವಿಲ್ಸನ್ ಗಾರ್ಡನ್‌ಗೆ ಹಾರ್ತಿತ್ತು.

ಕಥೆಗೆ ಕಾಸು ಕಮ್ಮಿ ಅಂತ ಹೆಂಗಸರ ಪುಟಕ್ಕೆ 'ಶ್ರೀಮತಿ ಕಮಲಾಕ್ಷಿ' ಅನ್ನೋ ಹೆಸರಲ್ಲಿ ಅಡುಗೆ ಸಲಹೆ ಬರೀತಿದ್ರಂತೆ. ಅದು ನಮಗೆ ಗೊತ್ತಾಗಿದ್ದು, ಅಪ್ಪ "ಸಂಜೆಯೊಳಗೆ ಬಾಡಿಗೆ ಕೊಡಿ, ಇಲ್ಲ ರೂಮು ಬಿಡಿ" ಅಂದ ದಿನ. ಅವತ್ತೇ ಮನಿಯಾರ್ಡರ್ ಬಂತು, ಕಮಲಾಕ್ಷಿ ಹೆಸರಿಗೆ!

"ಅಮ್ಮೋರನ್ನ ಕರೀರಿ ಸಾರ್, ಸೈನ್ ಹಾಕ್ಲಿ," ಅಂದ ಪೋಸ್ಟ್‌ಮ್ಯಾನ್.

"ನಾನೇ ಕಣಯ್ಯಾ ಕಮಲಾಕ್ಷಿ!"

ಪೋಸ್ಟ್‌ಮ್ಯಾನ್ ಮೀಸೆ ನೋಡ್ದ. "ಹಂಗಾದ್ರೆ ಗೊತ್ತಿರೋರು ಯಾರಾದ್ರೂ ಸಾಕ್ಷಿ ಹಾಕ್ಲಿ. ಇಲ್ದಿದ್ರೆ ವಾಪಸ್ ಕಳಿಸ್ತೀನಿ."

"ಬರೆದೋನು ನಾನೇ ಅನ್ನೋಕೆ ಇನ್ನೊಬ್ರ ಸಾಕ್ಷಿ ಬೇಕಾ? ಥೂ!" ಬೀದಿ ನಾಯಿಗಳೆಲ್ಲಾ ಎದ್ದು ಓಡಿದ್ವು.

ಅಮ್ಮ ಒಳಗಿಂದ ಬಂದ್ಲು. "ನಿಂಬೆ ಉಪ್ಪಿನಕಾಯಿಗೆ ಉಪ್ಪು ಅರ್ಧ ಸಾಕು ಅಂತ ಬರೆದ ಕಮಲಾಕ್ಷಿ ನೀವೇನಾ?"

ಇಲ್ಲ ಅಂದ್ರೆ ದುಡ್ಡು ವಾಪಸ್ ಹೋಗತ್ತೆ. "ಹೌದು ತಾಯಿ," ಅಂದ್ರು, ಹುಟ್ಟಿದಮೇಲೆ ಮೊದಲ್ನೇ ಸಲ ಮೆತ್ತಗೆ.

ಅಮ್ಮ ಪಟ್ ಅಂತ ಸಾಕ್ಷಿ ಸೈನ್ ಹಾಕಿದ್ಲು. ಪೋಸ್ಟ್‌ಮ್ಯಾನ್ ಎಣಿಸಿಟ್ಟ ನೋಟನ್ನ ಅವರು ಮುಟ್ಟೋಕೆ ಮುಂಚೆ ತಾನೇ ಎತ್ಕೊಂಡ್ಲು.

"ಬಾಡಿಗೆ ಹಿಡ್ಕೊಂಡೆ. ಬೂಷ್ಟು ಬಂದು ಹಾಳಾದ ನನ್ನ ನೂರು ನಿಂಬೆಕಾಯಿದೂ ಹಿಡ್ಕೊಂಡೆ. ಮಿಕ್ಕಿದ್ದು ತಗೊಳ್ಳಿ ಕಮಲಾಕ್ಷಮ್ಮಾ!"