ಉಡದಾರದ ಕೀಲಿ

ಹಾನಗಲ್ಲಿನ ಹೊರಗೆ, ನೆತ್ತಿ ಸುಡುವ ಬಿಸಿಲಿನಲ್ಲಿ ನಮ್ಮ ಪಿಕಪ್ಪಿನ ವೈಪರ್‌ಗಳು ತಾವಾಗಿಯೇ ತಿರುಗತೊಡಗಿದವು. ಗಾಡಿ ಹೊಡೆಯುತ್ತಿದ್ದವಳು ನನ್ನ ಹೆಂಡತಿ. ಸ್ಟೇರಿಂಗಿನ ಪಕ್ಕದ ಕಡ್ಡಿಯನ್ನು ಮೇಲೆ ಮಾಡಿದಳು, ಕೆಳಗೆ ಮಾಡಿದಳು. ವೈಪರ್‌ಗಳು ಒಣ ಗಾಜನ್ನು ಕರಕರ ಕೆರೆಯುತ್ತಲೇ ಇದ್ದವು. ಅಷ್ಟರಲ್ಲಿ ಬಲಗಡೆಯ ಇಂಡಿಕೇಟರ್ ಮಿನುಗಿತು. ಎದುರಿಗೆ ಬರುತ್ತಿದ್ದ ಗೋವಿನಜೋಳದ ಟ್ರ್ಯಾಕ್ಟರಿನವನು ನಾವು ತಿರುಗುತ್ತೇವೆಂದು ನಿಂತ. ನಾವು ತಿರುಗಲಿಲ್ಲ. ಅವನು ಬೈದ. ನಮ್ಮ ಪರವಾಗಿ ಹಾರ್ನು ತಾನೇ ಉತ್ತರ ಕೊಟ್ಟಿತು.

"ನಿಲ್ಸು, ನಿಲ್ಸು!" ಎಂದೆ.

"ನಿಲ್ಲಿಸೇನಿ. ಕಣ್ಣ ತೆರದ ನೋಡ್ರಿ."

ಕಣ್ಣು ಮುಚ್ಚಿಕೊಂಡಿದ್ದು ಆಗ ನನಗೇ ಗೊತ್ತಾಯಿತು.

ಸವಣೂರಿನ ಹತ್ತಿರ ನಮ್ಮದೊಂದು ಎಲೆಬಳ್ಳಿಯ ತೋಟ. ವೀಳ್ಯದೆಲೆಯ ಬುಟ್ಟಿಗಳನ್ನು ಹೇರಿಕೊಂಡು ಹಾನಗಲ್ ಮೇಲೆ ಹಾಯ್ದು ಹಿರೇಕೆರೂರಿನ ಸಂತೆಗೆ ಮುಟ್ಟಿಸುವುದು ನನ್ನ ಕೆಲಸವಾಗಿತ್ತು. ಆಮೇಲೆ ನನ್ನ ಕಿವಿಯೊಳಗೆ ಏನೋ ಕೆಟ್ಟು, ಕೂತಲ್ಲೇ ಜಗತ್ತು ಗಿರಕಿ ಹೊಡೆಯತೊಡಗಿತು. "ಗಾಡಿ ಮುಟ್ಟಬ್ಯಾಡ್ರಿ, ಸೈಕಲ್ಲೂ ಬ್ಯಾಡ" ಎಂದರು ಡಾಕ್ಟರು. ಒಬ್ಬ ಡ್ರೈವರನನ್ನು ಇಟ್ಟೆ, ಬಿಟ್ಟುಹೋದ. ಇನ್ನೊಬ್ಬನೂ ಹೋದ. ನಾನು ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ತುಳಿಯುತ್ತಿದ್ದುದನ್ನು ಇಬ್ಬರಿಗೂ ಸಹಿಸಲಾಗಲಿಲ್ಲವಂತೆ. ಆಗ ಹೆಂಡತಿ ಸದ್ದಿಲ್ಲದೆ ಗಾಡಿ ಕಲಿತು ಲೈಸೆನ್ಸ್ ತೆಗೆಸಿದಳು. ಅವಳ ಪಕ್ಕದಲ್ಲೂ ನಾನೇ ಕೂತೆ, ಅದೇ ಬ್ರೇಕನ್ನು ತುಳಿದೆ.

ವೈಪರ್ ತಿರುಗುವ ಮುಂಚಿನ ವಾರವಷ್ಟೇ ಅವಳು ಹೇಳಿದ್ದಳು: "ಬರೋ ಸಂತಿಯಿಂದ ನಾ ಒಬ್ಬಾಕಿನ ಹೋಗ್ತೇನಿ. ಗಾಡಿ ಸಂಭಾಳ್ಸಲೋ, ನಿಮ್ಮನ್ನ ಸಂಭಾಳ್ಸಲೋ?"

ಅಂದಿನಿಂದ ನನಗೆ ಊಟ ಸೇರಿರಲಿಲ್ಲ. ಟಯರ್ ಸಿಡಿದರೆ? ಹಾನಗಲ್ಲಿನ ತಿರುವಿನಲ್ಲಿ ಕಬ್ಬಿನ ಗಾಡಿ ಅಡ್ಡ ಬಂದರೆ? ಏನೂ ಆಗದೆ ಅವಳು ಆರಾಮಾಗಿ ಹೋಗಿ ಬಂದುಬಿಟ್ಟರೆ? ಈ ಕೊನೆಯದನ್ನು ಮಾತ್ರ ಯಾರೆದುರಿಗೂ ಆಡಿರಲಿಲ್ಲ. ಹಾಗಾಗಿ ವೈಪರ್‌ಗಳು ಆ ಬಿಸಿಲಿನಲ್ಲಿ ಅತ್ತಿತ್ತ ಆಡಿದಾಗ ಅವು ತಲೆ ಅಲ್ಲಾಡಿಸಿ "ಬ್ಯಾಡ, ಬ್ಯಾಡ" ಎನ್ನುತ್ತಿವೆ ಅನ್ನಿಸಿ, ಹೆದರಿಕೆಯ ನಡುವೆಯೂ ಒಂದಿಷ್ಟು ಸಮಾಧಾನವಾಯಿತು.

"ಇದು ದುರಸ್ತಿ ಆಗೂ ತನಕ ನೀ ಒಬ್ಬಾಕಿ ಹೋಗೂದು ಬ್ಯಾಡ" ಎಂದೆ.

"ಮಾರಿ ಮ್ಯಾಲ ಎಷ್ಟ ಖುಷಿ ನೋಡ್ರಿ" ಎಂದಳು.

ಮನೆಯಲ್ಲಿ ಅವ್ವ ದೃಷ್ಟಿಯಾಗಿದೆ ಎಂದು ತೀರ್ಮಾನಿಸಿ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಲು ತಾನೇ ಗಾಡಿಯೊಳಗೆ ಹತ್ತಿದಳು. ಬಾಗಿಲುಗಳು ಟಕ್ಕನೆ ಲಾಕ್ ಆದವು. ಒಳಗಿನಿಂದ ಅವ್ವ ಗಾಜು ಬಡಿಯುತ್ತಿದ್ದಳು, ಹೊರಗಿನಿಂದ ನಾನು. ಗಾಡಿ ನಾಲ್ಕೂ ಇಂಡಿಕೇಟರ್ ಹಾಕಿ ನಮ್ಮಿಬ್ಬರನ್ನೂ ನೋಡುತ್ತಿತ್ತು. ಹೆಂಡತಿ ಕೀಲಿ ತಂದು ಬಿಡಿಸಿದ ಮೇಲೆ ಅವ್ವ ಬೆವರು ಒರೆಸಿಕೊಂಡು, "ದೃಷ್ಟಿ ಅಲ್ಲೋ ಇದು, ಮಿಸ್ತ್ರಿ ಕಡೆ ಒಯ್ರಿ" ಎಂದಳು.

ಶಿಗ್ಗಾಂವದ ಹೈವೇ ಪಕ್ಕದ ವೈರಿಂಗ್ ಮಿಸ್ತ್ರಿ ಅರ್ಧ ಕೆಲಸವನ್ನು ಕೈಯಿಂದಲೂ ಅರ್ಧವನ್ನು ಬಾಯಿಂದಲೂ ಮಾಡುವ ಮನುಷ್ಯ. ಮೊದಲ ಸಲ ಒಂದು ರಿಲೇ ಬದಲಿಸಿ, "ಇನ್ನ ಗಾಡಿ ಮಲಗಿದ ಕೂಸಿನಂಗ ಇರ್ತೈತಿ" ಎಂದು ಕಳಿಸಿದ. ಕೂಸು ಸವಣೂರು ಮುಟ್ಟುವುದರೊಳಗೆ ಎದ್ದು ಚೀರಿತು. ಎರಡನೆಯ ಸಲ ಹೋದಾಗ ಮುಖ ಸಣ್ಣದು ಮಾಡಿಕೊಂಡು ಸ್ಕ್ಯಾನರ್ ಚುಚ್ಚಿ ನೋಡಿದ.

"ಬಿಸಿಎಂ ಹೋಗೇತ್ರಿ ಯಜಮಾನ್ರ."

"ಹಂಗಂದ್ರ?"

"ಬಾಡಿ ಕಂಟ್ರೋಲ್ ಮಾಡ್ಯೂಲ್ ಅಂತ. ಲೈಟು, ಹಾರ್ನು, ವೈಪರು, ಲಾಕು, ಎಲ್ಲಾದಕ್ಕೂ ಹುಕುಂ ಕೊಡೋ ಡಬ್ಬಿ. ಎಂಜಿನ್ನಿಂದು ಬ್ಯಾರೆ, ಅದು ಚಲೋ ಐತಿ. ಈ ಡಬ್ಬಿದು ತಲಿ ಕೆಟ್ಟೈತಿ. ಯಾರೂ ಏನೂ ಹೇಳದ ಹೋದ್ರೂ ತಂದ ತಾನ ಒದರಾಕತ್ತೈತಿ."

"ನಮ್ಮ ಮನ್ಯಾಗೂ ಒಂದೈತ್ರಿ ಅಂಥಾದ್ದು" ಎಂದಳು ಹೆಂಡತಿ.

ಮಿಸ್ತ್ರಿ ಎಡಗಡೆಯ ಸೀಟಿನ ಮುಂದೆ, ಕಾಲಿಡುವ ಜಾಗದ ಪಕ್ಕದ ಪ್ಲಾಸ್ಟಿಕ್ ಹಲಗೆಯನ್ನು ಬಿಚ್ಚಿದ. ಅಂಗೈಗಿಂತ ತುಸು ದೊಡ್ಡದಾದ ಕಪ್ಪು ಡಬ್ಬಿಯೊಂದು ಹೊರಬಂತು. ಅದರ ಪಿನ್ನುಗಳಿಗೆಲ್ಲ ಹಸಿರು ಕಿಲುಬು ಹಿಡಿದಿತ್ತು. ಮೂಲೆಯಲ್ಲಿ ಒಣಗಿದ ವೀಳ್ಯದೆಲೆಯ ಒಂದು ಚೂರು ಅಂಟಿಕೊಂಡಿತ್ತು.

"ಮಳಿ ನೀರು ಇಲ್ಲೀಗೆ ಬರಂಗಿಲ್ರಿ ಅಕ್ಕಾರ. ಇಲ್ಲಿ ಯಾರ ಕೂಡ್ತಾರ?"

ಹೆಂಡತಿ ನನ್ನನ್ನು ನೋಡಿದಳು.

ಹೇಳಲೇಬೇಕಾಯಿತು. ಬೇರೆ ಬುಟ್ಟಿಗಳೆಲ್ಲ ಹಿಂದೆ ಹಸಿ ಗೋಣಿತಟ್ಟಿನ ಕೆಳಗೆ ಬರುತ್ತವೆ. ಒಂದು ಬುಟ್ಟಿ ಮಾತ್ರ ಒಳಗೆ, ನನ್ನ ಮೊಣಕಾಲಿಗೆ ಒತ್ತಿಕೊಂಡು. ಹಿರೇಕೆರೂರಿನ ಸಂತೆಯಲ್ಲಿ ಎಲೆ ಮಾರುವ ಒಬ್ಬ ಅಜ್ಜಿಯ ಸಲುವಾಗಿ ಆರಿಸಿ ಇಟ್ಟ ಎಲೆ ಅದು. ಎಂದೋ ಒಮ್ಮೆ ಆಕೆ ಒಂದು ಬಾಡಿದ ಎಲೆ ಎತ್ತಿ ನನ್ನ ಮುಖಕ್ಕೆ ಹಿಡಿದು, "ಇದು ನಿನ್ನಂಗ ಆಗೇತಲ್ಲೋ" ಎಂದಿದ್ದಳು. ಅಂದಿನಿಂದ ಆ ಬುಟ್ಟಿಯನ್ನು ಗಾಳಿಗೆ ಬಿಟ್ಟಿಲ್ಲ. ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ, ಒಂದೊಂದು ಊರು ದಾಟಿದಾಗಲೂ ಒಂದಿಷ್ಟು ನೀರು ಚಿಮುಕಿಸುವುದು. ರಸ್ತೆ ಕೆಟ್ಟಿದ್ದರೆ ಮನಸ್ಸೂ ಕೆಡುತ್ತದೆ, ಇನ್ನೊಂದಿಷ್ಟು ಚಿಮುಕಿಸುವುದು. ಹಾನಗಲ್ ರಸ್ತೆ ಬಹಳ ಕೆಟ್ಟಿತ್ತು.

ಮಿಸ್ತ್ರಿ ಡಬ್ಬಿಯನ್ನು ಅಲ್ಲಾಡಿಸಿದ. ಒಳಗಿನಿಂದ ಎರಡು ಹನಿ ಬಿದ್ದವು. "ಎಲಿಗಿಂತ ಇದಕ್ಕ ಬಾಳ ನೀರ ಕುಡಿಸೀರಿ" ಎಂದ.

ಹೆಂಡತಿ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಮಿಸ್ತ್ರಿಗೆ, "ಹೊಸಾದು ತರಸ್ರಿ. ಈ ಸಂತಿ ಹೋತು, ಮುಂದಿನ ಸಂತಿಗೆ ನಾ ಹೋಗಬೇಕು" ಎಂದಳು.

ಆ ವಾರದ ಬುಟ್ಟಿಗಳನ್ನು ಸರಕಾರಿ ಬಸ್ಸಿನ ಮೇಲೆ ಹಾಕಿ ಒಯ್ದೆವು. ಅಜ್ಜಿಯ ಬುಟ್ಟಿ ಅಲ್ಲೂ ನನ್ನ ತೊಡೆಯ ಮೇಲೇ ಇತ್ತು. ಮುಂದಿನ ಸೀಟಿನ ಹೆಣ್ಣುಮಗಳು ತನ್ನ ಕೂಸನ್ನು ಎತ್ತಿ ಎತ್ತಿ ನೋಡುತ್ತಿದ್ದಳು. ಕೆಳಗೆ ಹರಿದು ಬಂದ ನೀರು ಅದರದಲ್ಲ ಎಂದು ಹೇಳುವಷ್ಟು ಧೈರ್ಯ ನನಗಿರಲಿಲ್ಲ. 

ಉಳಿದ ದಿನಗಳಲ್ಲಿ ನಾನು ಮಿಸ್ತ್ರಿಗೆ ಫೋನು ಮಾಡುತ್ತಿದ್ದೆ. ಡಬ್ಬಿ ಬಂತೇನು ಎಂದು ಕೇಳುತ್ತಿದ್ದೆ. ಬಂದಿಲ್ಲ ಎಂದರೆ ಚಿಂತೆ, ಇನ್ನೇನು ಬಂದೇ ಬಿಡುತ್ತದೆ ಎಂದರೆ ಇನ್ನೂ ಹೆಚ್ಚಿನ ಚಿಂತೆ. ಕೊನೆಗೆ ಅವನೇ ಮಾಡಿದ. "ಡಬ್ಬಿ ಹುಬ್ಬಳ್ಳಿಯಿಂದ ಬಂದೈತಿ. ಎರಡೂ ಕೀಲಿ ತರ್ರಿ. ಹೊಸಾ ಡಬ್ಬಿಗೆ ಕೀಲಿ ಗುರುತ ಹಿಡಿಸಬೇಕು. ಗುರುತ ಹಿಡಿಸಲಾರದ ಕೀಲಿ ಬಾಗಲಾ ತಗೀತೈತಿ, ಗಾಡಿ ಚಾಲೂ ಮಾಡಂಗಿಲ್ಲ."

ಒಂದು ಕೀಲಿ ಹೆಂಡತಿಯ ಹತ್ತಿರ. ಇನ್ನೊಂದು ನನ್ನ ಉಡದಾರದಲ್ಲಿ. ಗಾಡಿ ಹೊಡೆಯುವುದನ್ನು ಬಿಟ್ಟ ದಿನ ಅಲ್ಲಿ ಕಟ್ಟಿಕೊಂಡದ್ದು. ಅವ್ವ ಗಾಡಿಯೊಳಗೆ ಸಿಕ್ಕಿಕೊಂಡಾಗಲೂ ಗಾಬರಿಯಲ್ಲಿ ಅದು ನೆನಪಾಗಿರಲಿಲ್ಲ. ಯಾಕೆ ಎಂದರೆ, ಗಾಡಿ ಕಳುವಾದರೆ ಇರಲಿ ಎನ್ನುತ್ತಿದ್ದೆ. "ಗಾಡಿ ಹೋದ ಮ್ಯಾಲ ಕೀಲಿ ತೊಗೊಂಡು ಏನ ಮಾಡ್ತೀರಿ, ಪೂಜಿ ಮಾಡ್ತೀರೇನು?" ಎಂದು ಅವಳು ಕೇಳಿದ್ದಳು.

ಮಿಸ್ತ್ರಿ ಬ್ಯಾಟರಿಯ ವೈರು ಬಿಚ್ಚಿದ, ಹೊಸ ಡಬ್ಬಿಗೆ ಕನೆಕ್ಟರುಗಳನ್ನು ಒತ್ತಿ ಕೂರಿಸಿದ, ವೈರು ಮತ್ತೆ ಜೋಡಿಸಿ ಲ್ಯಾಪ್‌ಟಾಪ್ ಹಚ್ಚಿದ, ಚಾಸಿ ನಂಬರು ಹೊಡೆದ. ಹೆಂಡತಿಯ ಕೀಲಿಯನ್ನು ಹಾಕಿ ತಿರುಗಿಸಿ ಒಂದಿಷ್ಟು ಹೊತ್ತು ಕಾದ. ಡಬ್ಬಿ ಅದನ್ನು ಗುರುತು ಹಿಡಿಯಿತು. ಹಾರ್ನು ಹೊಡೆದಾಗ ಹಾರ್ನು, ಲೈಟು ಹಾಕಿದಾಗ ಲೈಟು.

"ಎರಡನೇದು ಕೊಡ್ರಿ."

ನಾನು ಮೂಲೆಗೆ ತಿರುಗಿ ಅಂಗಿ ಎತ್ತಿ ಗಂಟು ಬಿಚ್ಚಲು ನಿಂತೆ. ಬೆವರು ಕುಡಿದೂ ಕುಡಿದೂ ಗಂಟು ಕಲ್ಲಾಗಿತ್ತು. ಉಗುರು ಮುರಿಯಿತು. ಮಿಸ್ತ್ರಿ ವೈರು ಕತ್ತರಿಸುವ ಇಕ್ಕಳ ಹಿಡಿದು ಬಂದ.

"ಏ, ಬ್ಯಾಡ! ಗಂಡಸಿನ ಉಡದಾರ ಯಾವಾಗ ಕತ್ತರಸ್ತಾರ ಗೊತ್ತೈತಿಲ್ಲ?" ಎಂದೆ.

ಅವನಿಗೆ ಗೊತ್ತಿತ್ತು. ನಮ್ಮ ಕಡೆ ಹೆಣಕ್ಕೆ ನೀರು ಹಾಕುವಾಗ ಕತ್ತರಿಸುತ್ತಾರೆ. ಅವನು ಇಕ್ಕಳವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. "ಹಂಗಾರ ನೀವ ಬರ್ರಿ ಒಳಗ, ಕೀಲಿ ಸಂಗಾಟ."

ಬಾಗಿಲಿನಿಂದ ಒಳಗೆ ಬಾಗಿ, ಹೊಟ್ಟೆಯನ್ನು ಸ್ಟೇರಿಂಗಿನ ಕೆಳಗೆ ತೂರಿಸಿದೆ. ಕೀಲಿ ತೂತಿಗೆ ನಾಲ್ಕು ಬೆರಳು ದೂರದಲ್ಲಿ ನಿಂತಿತು. 

"ಇನ್ನೊಂದೀಟ ಸರೀರಿ... ಉಸಿರ ಬಿಡ್ರಿ... ಇನ್ನೊಂದೀಟ..." 

ಸರಿದೆ. ಆಗ ಮೀಟರು, ಗಾಜು, ಹೊರಗಿನ ಹೈವೇ ಎಲ್ಲ ಕೂಡಿ ಮೆಲ್ಲಗೆ ತಿರುಗತೊಡಗಿದವು. ಭುಜದ ಮೇಲೆ ಹೆಂಡತಿಯ ಕೈ ಬಿತ್ತು.

"ತಲಿ ತಿರಗಾಕತ್ತೈತೇನ್ರಿ?"

"ಇಲ್ಲ."

"ಸುಳ್ಳ." ಆಮೇಲೆ ನನಗಷ್ಟೇ ಕೇಳುವಂತೆ, "ನಿಮಗ ಈ ಕೀಲಿ ಯಾಕ ಬೇಕು, ಖರೇ ಹೇಳ್ರಿ. ಗಾಡಿ ಹೊಡ್ಯಾಕೋ, ನಾ ಹೊಡೀಬಾರದು ಅಂತೋ?" ಎಂದಳು.

ಮಿಸ್ತ್ರಿ ಲ್ಯಾಪ್‌ಟಾಪಿನಲ್ಲಿ ಏನೋ ಬಹಳ ಮಹತ್ವದ್ದನ್ನು ಓದುತ್ತಿರುವಂತೆ ನಿಂತಿದ್ದ.

"ಬಿಡ್ರಿ, ಒಂದ ಕೀಲಿ ಸಾಕು" ಎಂದೆ. ದೊಡ್ಡ ಮನಸ್ಸಿನಿಂದ ಹೇಳಿದೆ ಎಂದು ಬರೆಯುವ ಆಸೆ ಇದೆ. ಆದರೆ ತಲೆ ತಿರುಗುತ್ತಿತ್ತು, ದಾರವೂ ಗಿಡ್ಡವಿತ್ತು.

ಸಂತೆಯ ದಿನ ಬೆಳಿಗ್ಗೆ ಎಲ್ಲ ಬುಟ್ಟಿಗಳೂ ಹಿಂದಕ್ಕೆ ಹೋದವು, ಅಜ್ಜಿಯದೂ. ನಾನು ತೂತಿನ ಮುಚ್ಚಳದ ಬಾಟಲಿ ತುಂಬಿ ಕೊಟ್ಟೆ. ಅವಳು ಮುಚ್ಚಳ ತೆಗೆದು ಎಸೆದು, ಎರಡು ಗುಟುಕು ಕುಡಿದು, ಬಾಟಲಿಯನ್ನು ಪಕ್ಕದ ಖಾಲಿ ಸೀಟಿನ ಮೇಲಿಟ್ಟು ಹೊರಟಳು. ಊರ ತಿರುವಿನಲ್ಲಿ ಹಾರ್ನು ಉದ್ದಕ್ಕೆ ಕೇಳಿತು. ಡಬ್ಬಿ ಮತ್ತೆ ಕೆಟ್ಟಿತು ಎಂದು ಓಡಿದೆ. ದಾರಿಯ ನಡುವೆ ಎಮ್ಮೆಗಳಿದ್ದವು. ಗಾಡಿ ಆಗಲೇ ಕಾಣದಾಗಿತ್ತು.

ಫೋನು ಮಾಡಿದರೆ ಗಾಡಿ ಹೊಡೆಯುವಾಗ ಎತ್ತುತ್ತಾಳೆ, ಅಪಾಯ. ಮಾಡಿ ಎತ್ತದಿದ್ದರೆ ಇನ್ನೂ ಅಪಾಯ. ಅಂಗಳದಲ್ಲಿ ಅಡ್ಡಾಡಿದೆ. ಹೆಜ್ಜೆ ಇಟ್ಟಾಗೊಮ್ಮೆ ಆ ನಿರುಪಯೋಗಿ ಕೀಲಿ ಸೊಂಟಕ್ಕೆ ಬಡಿಯುತ್ತಿತ್ತು. "ಕುಂದರೋ, ನೆಲ ಸವದೀತು" ಎಂದಳು ಅವ್ವ. ಕೂತೆ. ಎದ್ದೆ. ಮಧ್ಯಾಹ್ನ ಫೋನು ಬಂತು.

"ಮುಟ್ಟೇನಿ. ಹಾನಗಲ್ಲ ದಾಟಿದ ಮ್ಯಾಲ ಮಳಿ ಬಂತು. ವೈಪರ್ ಹಾಕಿದೆ."

"ತಾವ ಚಾಲೂ ಆದುವೇನ?"

"ನಾ ಹಾಕಿದೆ ಅಂದ್ನೆಲ್ಲ."

"ಬಂದ್ ಆದುವಾ?"

"ಬಂದ್ ಮಾಡಿದೆ, ಆದುವು."

"ಅಜ್ಜಿ ಎಲಿ ನೋಡಿದ್ಲೇನ? ಬಾಡ್ಯಾವಂತೇನ?"

ಆ ಕಡೆ ಸಂತೆಯ ಗದ್ದಲದೊಳಗೆ ಅವಳು ನಕ್ಕದ್ದು ಕೇಳಿತು. "ಇಷ್ಟ ದಿನ ನೀರಾಗ ತೊಯ್ದು ಪಚಪಚ ಅಂತಿದ್ದುವು, ಇವತ್ತ ಬೇಷ್ ಅದಾವ ಅಂದ್ಲು. ನಿಮ್ಮನ್ನೂ ಕೇಳಿದ್ಲು. ಮನ್ಯಾಗ ಅದಾರ, ಆರಾಮ ಅದಾರ ಅಂದೇನಿ. ಫೋನ ಇಡಲೇನ? ಗಿರಾಕಿ ಬಂದಾರ."

ಫೋನು ಇಟ್ಟ ಮೇಲೆ ಒಂದು ಗಳಿಗೆ ನಿಜಕ್ಕೂ ಆರಾಮಾಗಿ ಕೂತೆ. ಆಮೇಲೆ ನೆನಪಾಯಿತು: ಮಳೆಯಾದ ಮೇಲೆ ಹಾನಗಲ್ ರಸ್ತೆ ಜಾರುತ್ತದೆ, ಬರುವಾಗ ಗಾಡಿ ಖಾಲಿ ಬೇರೆ ಇರುತ್ತದೆ, ಅದನ್ನು ಹೇಳಲೇ ಇಲ್ಲವಲ್ಲ.

ಮತ್ತೆ ಎದ್ದೆ.