ಬೊಮ್ಮಯ್ಯ ಮಾವನ ಕಿವಿ ಮತ್ತು ಬಳೆ ಕಾರು

ಮೊನ್ನೆ ಕಾರವಾರದಲ್ಲಿ ಕಡಲ ಬದಿಯ ರಸ್ತೆ ದಾಟಲು ನಿಂತಿದ್ದೆ. ಎದುರು ಮಳಿಗೆಯ ಐಸ್‌ಕ್ರೀಮಿನ ಮೇಲೆ ಕಣ್ಣಿಟ್ಟು, ಬರುವ ಗಾಡಿಗಳ ವಿಚಾರವನ್ನು ಕಿವಿಗೆ ಬಿಟ್ಟಿದ್ದೆ. ಇನ್ನೇನು ಕಾಲಿಡಬೇಕು, ಮೊಣಕೈಗೆ ಗಾಳಿ ಸವರಿದ ಹಾಗಾಯಿತು. ನೋಡಿದರೆ ಒಂದು ಕಾರು. ಬೆಣ್ಣೆ ಮುದ್ದೆಯ ಹಾಗೆ ಬೆಳ್ಳಗೆ, ಮೈಮೇಲೆ ಒಂದು ಗೀರಿಲ್ಲ. ಅದರ ಬೆಲೆ ಕೇಳಿದರೆ ನಮ್ಮ ಕೇರಿಯ ಮನೆಗಳೆಲ್ಲ ಒಟ್ಟಿಗೆ ತಲೆ ತಗ್ಗಿಸಬೇಕು. ಹೊಗೆಯಿಲ್ಲ, ಗುರ್ರೆನ್ನುವುದಿಲ್ಲ. ಬ್ಯಾಟರಿಯ ಕಾರು. ಹಾಲು ಕುಡಿಯಲು ಬಂದ ಬೆಕ್ಕಿನ ಹಾಗೆ ಬಂದು, ಕುಡಿದ ಬೆಕ್ಕಿನ ಹಾಗೆ ಹೋಯಿತು. ಜೀವ ಉಳಿಯಿತಲ್ಲ ಎಂದು ದೇವರನ್ನು ನೆನೆಯಬೇಕಾದ ಹೊತ್ತಿನಲ್ಲಿ ನನಗೆ ಬಂದದ್ದು ಬೇರೆಯೇ ಚಿಂತೆ: ಇದರ ದನಿ ತೆಗೆಯುವುದು ಹೇಗೆ?

ನಿಮಗೆ ಹೇಳಲೇಬೇಕು, ನಾನು ಅಣಕು ಮಾಡುವವನು. ಹೊಟ್ಟೆಪಾಡಿಗೆ ಬೇರೆ ಕೆಲಸವಿದೆ, ಅದನ್ನು ವಿವರಿಸಿದರೆ ನಿಮಗೆ ಆಕಳಿಕೆ ಬರುತ್ತದೆ. ಭಟ್ಟರ ಮೂಗಿನ ಮಂತ್ರ, ಹೆಡ್‌ಮಾಸ್ತರರ ಕೆಮ್ಮು, ಮೀನು ಮಾರುವ ದೇವಕಿಯ "ತಾಜಾ ಅದೆ, ಇನ್ನೂ ಕಣ್ಣು ಮಿಟುಕಿಸ್ತದೆ" ಎಂಬ ಸುಳ್ಳು, ಎಲ್ಲವೂ ನನ್ನ ಗಂಟಲಿನಲ್ಲಿ ಬಾಡಿಗೆಗೆ ಇದ್ದವು. ಒಮ್ಮೆ ನನ್ನದೇ ಅಣಕು ಮಾಡಿದೆ. ಮನೆಯವರು, ಇದು ಯಾರು ಎಂದು ಗೊತ್ತಾಗಲಿಲ್ಲ ಎಂದರು.

ಆದರೆ ಮನುಷ್ಯರಿಗಿಂತ ಮೊದಲು ನನ್ನ ಗಂಟಲಿಗೆ ಇಳಿದದ್ದು ಕಾರುಗಳು. ಅದಕ್ಕೆ ಕಾರಣ ನಮ್ಮೂರು ಅವರ್ಸಾದ ಹೆದ್ದಾರಿ. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು, ನಾನು ಎಂಟನೆಯ ಇಯತ್ತೆ. ದೊಡ್ಡ ಶಹರದ ಹುಡುಗರು ಬೀದಿಬದಿ ನಿಂತು ಪರದೇಶದ ಕಾರುಗಳನ್ನು ಗುರುತು ಹಿಡಿಯುತ್ತಾರೆ, ಫೋಟೋ ಹೊಡೆಯುತ್ತಾರೆ ಎಂದು ಪೇಪರಿನಲ್ಲಿ ಓದಿದ್ದೆವು. ನಮಗೆ ದೊಡ್ಡ ಶಹರ ಎಂದರೆ ಕಾರವಾರ. ಅಲ್ಲಿಗೆ ಹೋಗಬೇಕಾದರೆ ಮನೆಯಲ್ಲಿ ಒಂದು ಜ್ವರವನ್ನಾದರೂ ತೋರಿಸಬೇಕು. ಆದರೆ ನಮಗೊಂದು ಅನುಕೂಲವಿತ್ತು. ಡಿಸೆಂಬರ್ ಬಂತೆಂದರೆ ದುಡ್ಡಿದ್ದವರೆಲ್ಲ ಗೋವೆಗೆ ಹೊರಡುತ್ತಾರೆ, ಮತ್ತು ಗೋವೆಯ ದಾರಿ ನಮ್ಮ ಮನೆಯ ಎದುರಿಗೇ ಹಾದುಹೋಗಿದೆ. ಶಹರಕ್ಕೆ ನಾವು ಹೋಗದಿದ್ದರೇನಾಯಿತು, ಶಹರವೇ ಗಂಟೆಗೆ ನೂರು ಕಿಲೋಮೀಟರಿನಲ್ಲಿ ನಮ್ಮೆದುರು ಬಂದು ಹೋಗುತ್ತಿತ್ತು.

ನಮ್ಮ ಪೀಠ ಮೋರಿಕಟ್ಟೆ. ಅದರ ಪಕ್ಕಕ್ಕೆ ಗೆಳೆಯ ದಿನೇಶನ ಅಪ್ಪನ ಚಾದಂಗಡಿ. ಸಂಜೆ ಐದಾದರೆ ಅಲ್ಲಿ ಆಟ ಶುರು. ಅಂಕೋಲಾ ಕಡೆಯ ತಿರುವಿನ ಆಚೆ ಗಾಡಿಯ ಸದ್ದು ಕೇಳಿದ ಕೂಡಲೇ, ಕಣ್ಣಿಗೆ ಬೀಳುವ ಮೊದಲೇ, ಅದು ಯಾವ ಕಾರೆಂದು ಕೂಗಬೇಕು. ತಪ್ಪಿದವನು ಉಳಿದವರ ಚಾದ ಗ್ಲಾಸು ತೊಳೆಯಬೇಕು. ಕಂಪನಿಗಳ ಹೆಸರು ನಮಗೆ ನಾಲಿಗೆಗೆ ಹೊರಳುತ್ತಿರಲಿಲ್ಲ. ಮೂತಿಯ ಮೇಲಿನ ಗುರುತಿನಿಂದಲೇ ನಾಮಕರಣ. ನಾಲ್ಕು ಉಂಗುರ ಸಾಲಾಗಿದ್ದರೆ ಬಳೆ ಕಾರು, ಮೂರು ಕಾಲಿನದಾದರೆ ನಕ್ಷತ್ರ, ಜಿಗಿಯುವ ಪ್ರಾಣಿ ಇದ್ದರೆ ಚಿರತೆ. ಒಮ್ಮೆ ಕುದುರೆ ಬಂದಿತ್ತು ಎಂದು ದಿನೇಶ ಇಂದಿಗೂ ಆಣೆ ಹಾಕುತ್ತಾನೆ. ನೋಡಿದವನು ಅವನೊಬ್ಬನೇ, ಆದ್ದರಿಂದ ಅದು ಬಂದಿಲ್ಲ.

ಆ ಆಟದ ರಾಜ ಬೊಮ್ಮಯ್ಯ ಮಾವ. ನನ್ನ ಸೋದರತ್ತೆ ಸಾವಿತ್ರಿಯ ಗಂಡ. ಅಂಕೋಲಾ–ಕಾರವಾರದ ನಡುವೆ ಅವನದೊಂದು ಸ್ವಂತ ಪ್ಯಾಸೆಂಜರ್ ಟೆಂಪೊ ಓಡುತ್ತಿತ್ತು. ಹಗಲೆಲ್ಲ ಟ್ರಿಪ್ಪು, ಸಂಜೆ ಮೋರಿಕಟ್ಟೆ. ತಲೆ ತಗ್ಗಿಸಿ, ಕಣ್ಣು ಮುಚ್ಚಿ, ಬೀಡಿಯನ್ನು ಬೆರಳ ಸಂದಿಯಲ್ಲಿ ಮರೆತು ಕೂತಿರುತ್ತಿದ್ದ. ನಮಗೆ ಇನ್ನೂ ಕಡಲಿನ ಸದ್ದಷ್ಟೇ ಕೇಳುತ್ತಿರುವಾಗ ಅವನು ಸಾವಕಾಶ ಹೇಳುವನು, ನಕ್ಷತ್ರ ಬಂತು, ಡ್ರೈವರ್ ಹೊಸಬ, ಏರಿನಲ್ಲಿ ಗೇರು ತಪ್ಪಿಸಿದ. ಎರಡು ನಿಮಿಷ ಬಿಟ್ಟು ನಕ್ಷತ್ರವೇ ಬರುವುದು. ಕಾರಿನೊಳಗೆ ಎಷ್ಟು ಮಂದಿ ಎಂದು ಸಹ ಹೇಳುತ್ತಿದ್ದ. ಒಳಗೆ ಕೂತವರು ಗಾಜು ಕಪ್ಪು ಮಾಡಿಕೊಂಡು ಹೋಗುತ್ತಿದ್ದುದರಿಂದ ಅದು ತಪ್ಪೆಂದು ಸಾಧಿಸಲು ನಮಗೆ ಆಗುತ್ತಿರಲಿಲ್ಲ.

ಒಂದು ಆದಿತ್ಯವಾರ ಅವನು ನನ್ನನ್ನೂ ದಿನೇಶನನ್ನೂ ಟೆಂಪೊದಲ್ಲಿ ಕಾರವಾರಕ್ಕೆ ಕರೆದೊಯ್ದ. ಹೋಟೆಲೊಂದರ ಎದುರಿಗೆ ಬಳೆ ಕಾರು ನಿಂತಿದೆ ಎಂಬ ವರ್ತಮಾನ ಬಂದಿತ್ತು. ಖರೆಯೇ. ನಾನು ಗಾಜಿಗೆ ಮೂಗು ಒತ್ತಿ ಸೀಟು ನೋಡುತ್ತಿದ್ದೆ. ಮಾವ ಮಾತ್ರ ದೀಪದಿಂದ ಶುರುಮಾಡಿ ಬಾಗಿಲ ತನಕ ಅಂಗೈಯಿಂದ ಕಾರನ್ನು ಸವರುತ್ತ ನಡೆದ. ಕಾವಲುಗಾರ ಓಡಿ ಬಂದು, ಮುಟ್ಟಬೇಡಿ ಎಂದು ಗದರಿದ. ಮಾವ ಕೈ ತೆಗೆಯಲಿಲ್ಲ. "ಮುಟ್ಟದೇ ಎತ್ತು ತಗೊಂಡವ ಯಾರಾ?" ಎಂದ. ಪೂರ್ತಿ ಸವರಿ ಮುಗಿಸಿ, ಸುಳಿ ಚಲೋ ಇದೆ, ಆದರೆ ನಮಗೆ ಬೇಡ ಎಂದು ತೀರ್ಪು ಕೊಟ್ಟು ಹೊರಟ. ಹದಿನೈದು ದಿನ ನಾನು ಆ ಸವರುವಿಕೆಯನ್ನು ಅಣಕು ಮಾಡಿ ಶಾಲೆಯನ್ನೆಲ್ಲ ನಗಿಸಿದೆ. ಆ ಕೈ ಏನನ್ನು ಹುಡುಕುತ್ತಿತ್ತು ಎಂದು ಯೋಚಿಸುವಷ್ಟು ಬುದ್ಧಿ ಇದ್ದಿದ್ದರೆ ನಾನು ಅಣಕು ಮಾಡುವವನು ಯಾಕಾಗುತ್ತಿದ್ದೆ?

ದಿನವೂ ಗ್ಲಾಸು ತೊಳೆದು ಬೇಸತ್ತ ನಾನು ಮಾವನನ್ನು ಒಮ್ಮೆಯಾದರೂ ಕೆಡವಲೇಬೇಕೆಂದು ಹಠ ತೊಟ್ಟೆ. ವಾರವಿಡೀ ಬಾವಿಕಟ್ಟೆಯಲ್ಲಿ ಬಳೆ ಕಾರಿನ ದನಿ ಪಳಗಿಸಿದೆ. ಮೊದಲು ಹೊಟ್ಟೆಯಿಂದ ಗುಂಯ್, ಆಮೇಲೆ ಹಲ್ಲಿನ ಸಂದಿಯಿಂದ ಸೊಂಯ್, ನಡುವೆ ಗೇರು ಬದಲಾಗುವ ಸಣ್ಣ ತಡೆ. ಅಮ್ಮ ಹಲ್ಲುನೋವೆಂದು ಲವಂಗ ಕೊಟ್ಟಳು. ಚಳಿಗಾಲ, ಮೋರಿ ಒಣಗಿತ್ತು. ಆ ಸಂಜೆ ನಾನು ಮೆಲ್ಲಗೆ ಇಳಿದು ಮೋರಿಯ ಸಿಮೆಂಟ್ ಕೊಳವೆಯೊಳಗೆ ಕುಕ್ಕರುಗಾಲಿನಲ್ಲಿ ಕೂತೆ. ಸಂಗತಿ ಗೊತ್ತಿದ್ದವನು ದಿನೇಶ ಒಬ್ಬನೇ. ಸೂರ್ಯ ಕಡಲಿನ ಕಡೆ ಇಳಿದು ಮಾವನ ಮುಖಕ್ಕೆ ನೇರ ಹೊಡೆಯುತ್ತಿದ್ದ.

ನಾನು ಕಾರನ್ನು ಹೊರಡಿಸಿದೆ. ಕೊಳವೆ ನನ್ನ ದನಿಯನ್ನು ನಾಲ್ಕು ಪಟ್ಟು ಮಾಡಿ ಕೊಟ್ಟಿತು. ನನ್ನ ಮೈಯೇ ಜುಂ ಎಂದಿತು. ಮೇಲೆ ಮಾವ ಕೂಗಿದ್ದು ಕೇಳಿತು, "ಬಳೆ! ಬಳೆ ಕಾರು!" ನಾನು ಗುಂಯ್‌ನಿಂದ ಸೊಂಯ್‌ಗೆ ಏರಿಸಿ, ಕಾರನ್ನು ಮೋರಿಯ ಎದುರು ಹಾಯಿಸಿ, ಕಾರವಾರದ ಕಡೆ ಕಳಿಸಿ, ಗೆದ್ದೆನೆಂದು ಕೊಳವೆಯಿಂದ ತಲೆ ಹೊರಹಾಕಿದೆ.

ರಸ್ತೆಯಲ್ಲಿ ಆಗ ದಾಟುತ್ತಿದ್ದದ್ದು ನಮ್ಮ ಕೇರಿಯ ನಾಗಮ್ಮನ ಎಮ್ಮೆ. ಹೊಂಡದಲ್ಲಿ ಮಿಂದು ಬಂದದ್ದು, ಕರ್ರಗೆ ಮಿರಮಿರ ಹೊಳೆಯುತ್ತಿತ್ತು. ಬೊಮ್ಮಯ್ಯ ಮಾವ ಎದ್ದು ನಿಂತು, ಹಣೆಗೆ ಕೈ ಅಡ್ಡ ಹಿಡಿದು, ಅದನ್ನೇ ನೋಡುತ್ತಿದ್ದ.

"ಕರೀದು ಮಾರಾಯಾ. ಎಂಥಾ ಹೊಳಪು," ಎಂದ. "ಹೋಯ್ತು ನೋಡು. ಗೋವೆಗೇ."

ಚಾದಂಗಡಿಯೇ ನಕ್ಕಿತು. ದಿನೇಶ ನೆಲಕ್ಕೆ ಬಿದ್ದು ನಕ್ಕ. ಎಮ್ಮೆ ಮಾತ್ರ ತನಗೆ ಸಿಕ್ಕ ಗೌರವ ತಿಳಿಯದೆ ರಸ್ತೆ ನಡುವೆ ಸಗಣಿ ಹಾಕಿತು. ನಾನೂ ನಗಲು ಬಾಯಿ ತೆರೆದೆ. ಆದರೆ ಮಾವ ಇನ್ನೂ ಆ ಕಡೆಯೇ ನೋಡುತ್ತಿದ್ದ, ನಗು ಎಲ್ಲಿಂದ ಬರುತ್ತಿದೆ ಎಂದು ಕಿವಿ ಹೊರಳಿಸುತ್ತಿದ್ದ. ಹತ್ತು ಮಾರು ದೂರದ ಎಮ್ಮೆ ಅವನಿಗೆ ಎಮ್ಮೆಯಾಗಿ ಕಂಡಿರಲಿಲ್ಲ. ಮಂದಿ, ಬೊಮ್ಮಯ್ಯ ನಮ್ಮನ್ನೇ ಚೇಷ್ಟೆ ಮಾಡಿದ ಎಂದುಕೊಂಡು ಚಾ ಮುಗಿಸಿ ಎದ್ದರು. ನನಗೆ ಮಾತ್ರ ಒಂದೊಂದೇ ನೆನಪಾಯಿತು. ಸಂಜೆಯ ಟ್ರಿಪ್ಪನ್ನು ಅವನು ಬಿಟ್ಟು ಎರಡು ತಿಂಗಳಾಗಿತ್ತು. ಪ್ಯಾಸೆಂಜರ್ ಬಾಯಿ ಬಿಟ್ಟ ಮೇಲೆಯೇ ಮಾವ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದ. ಮತ್ತೆ ಆ ಕಾರನ್ನು ಸವರಿದ ಅಂಗೈ.

ಮಾರನೆಯ ಬೆಳಿಗ್ಗೆ ಏಳೂ ಮುಕ್ಕಾಲಿಗೆ ಅದೇ ಟೆಂಪೊ, ಅದೇ ಮಾವ. ಹಿಂದೆ ಹದಿನೈದು ಜನ, ಅರ್ಧಕ್ಕರ್ಧ ಅಂಕೋಲಾದ ಶಾಲೆಗೆ ಹೋಗುವ ಮಕ್ಕಳು. ನಾನು ಎಂದಿನಂತೆ ಡ್ರೈವರ್ ಪಕ್ಕದಲ್ಲಿ. ಅತ್ತೆಗೆ ಹೇಳಿದರೆ ಮಾವನ ಮಾನ ಹೋಗುತ್ತದೆ, ಹೇಳದಿದ್ದರೆ ನಮ್ಮೆಲ್ಲರ ಜೀವ ಹೋಗಬಹುದು. ಎಂಟನೆಯ ಇಯತ್ತೆಯ ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ನಾನು ಮಾಡಿದ್ದು ಹೇಡಿಯ ಕೆಲಸ, ಆದರೆ ನನಗೆ ಬರುತ್ತಿದ್ದ ಕೆಲಸ ಅದೊಂದೇ. ಟೆಂಪೊ ಹೊರಟ ಕೂಡಲೇ ರೇಡಿಯೋದ ಕ್ರಿಕೆಟ್ ಕಾಮೆಂಟರಿಯವನ ದನಿ ತೆಗೆದೆ.

"ಎಡಗಡೆಯಿಂದ ಒಂದು ಸೈಕಲ್ ಮೈದಾನ ಪ್ರವೇಶಿಸುತ್ತಿದೆ, ಹಿಂದೆ ಹಾಲಿನ ಕ್ಯಾನು. ಎದುರಿಗೆ ಲಾರಿ, ದೊಡ್ಡ ಲಾರಿ, ಬ್ಯಾಟ್ಸ್‌ಮನ್ ಸ್ವಲ್ಪ ಎಡಕ್ಕೆ ಸರಿಯಬೇಕಾಗಿದೆ."

ಹಿಂದಿನವರು ಹೊಟ್ಟೆ ಹಿಡಿದು ನಕ್ಕರು. ದೇವಕಿ ತನ್ನ ಬುಟ್ಟಿಯನ್ನೂ ಕಾಮೆಂಟರಿಯಲ್ಲಿ ಸೇರಿಸು ಎಂದಳು. ಮಾವ ನಗಲಿಲ್ಲ. ನಾನು ಎಡಕ್ಕೆ ಎಂದರೆ ಎಡಕ್ಕೆ, ನಿಧಾನ ಎಂದರೆ ನಿಧಾನ. ಒಮ್ಮೆ ನಾನು ದಮ್ಮು ಹಿಡಿದು ಸುಮ್ಮನಾದೆ. ಆ ಒಂದು ಗಳಿಗೆಯಲ್ಲಿ ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋದದ್ದನ್ನು ನಾನು ನೋಡಿದೆ. ಎದುರಿಗೆ ಏನೂ ಇರಲಿಲ್ಲ. ಆಮೇಲೆ ಅಂಕೋಲಾ ತನಕ ಬಾಯಿ ಮುಚ್ಚಲಿಲ್ಲ.

ಅಂಕೋಲಾದಲ್ಲಿ ಎಲ್ಲರೂ ಇಳಿದರು. ನಾನು ಇಳಿಯಲಿಲ್ಲ. ಮಾವ ಇಂಜಿನ್ ಬಂದ್ ಮಾಡಿ, ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟು ಕೂತ.

"ಎಷ್ಟ್ ದಿನದಿಂದ ಗೊತ್ತದೆ ನಿಂಗೆ?" ಎಂದ.

"ನಿನ್ನೆಯಿಂದ."

"ನಂಗೆ ಮಳೆಗಾಲದಿಂದ." ಕೀಲಿಯನ್ನು ತೆಗೆದು ನನ್ನ ಕೈಗಿಟ್ಟ. "ನಿಮ್ಮತ್ತೆಗೆ ಕೊಡು. ಹೇಳೂಕೆ ನಂಗಾಗೂದಿಲ್ಲ. ಅವಳ ದನಿಯಲ್ಲೇ ಹೇಳು ಬೇಕಾದ್ರೆ, ನಗಾಡ್ತಾಳೆ."

ಟೆಂಪೊ ಅಲ್ಲೇ ಬಿಟ್ಟು ಇಬ್ಬರೂ ಬಸ್ಸಿನಲ್ಲಿ ಮರಳಿದೆವು. ಅತ್ತೆಗೆ ನಾನು ನನ್ನ ದನಿಯಲ್ಲೇ ಹೇಳಿದೆ. ಅದು ಯಾರ ದನಿಯೆಂದು ಅತ್ತೆಗೂ ಮೊದಲು ಗೊತ್ತಾಗಲಿಲ್ಲ. ನಂತರ ಅವಳು ಕೀಲಿಯನ್ನು ಅಕ್ಕಿ ಡಬ್ಬಿಯ ತಳದಲ್ಲಿ ಹುಗಿದು, ಗಂಡನಿಗೆ ಬೈಯುತ್ತ ಬೈಯುತ್ತ ಕಾರವಾರಕ್ಕೆ ಹೊರಡುವ ಚೀಲ ತುಂಬಿದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಡಾಕ್ಟರು ಒಂದಾದ ಮೇಲೆ ಒಂದು ತೆಗೆಯುವಾ ಎಂದರಂತೆ.

ಮೊದಲನೆಯ ಕಣ್ಣಿನ ಆಪರೇಷನ್ ಆದ ಮಾರನೆಯ ದಿನ ನೋಡಲು ಹೋದೆ. ಕಣ್ಣಿಗೆ ಹತ್ತಿ ಕಟ್ಟಿಕೊಂಡು ಮಲಗಿದ್ದ. ನಾನು ಬಾಗಿಲಿನಲ್ಲಿ ಡಾಕ್ಟರರ ದನಿ ತೆಗೆದು, ಹೇಗಿದ್ದೀರಿ ಎಂದೆ. ಡಾಕ್ಟರು ಚಪ್ಪಲಿ ಎಳೆಯೂದಿಲ್ಲ, ಒಳಗೆ ಬಾ ಎಂದ ಮಾವ. ನಾನು ಮಂಚದ ಬದಿಗೆ ಕೂತ ಮೇಲೆ ಹೇಳಿದ.

"ಮೋರಿಯಲ್ಲಿ ಕೂತವ ನೀ ಅಂತ ನಂಗೆ ಆಗ್ಲೇ ಗೊತ್ತಿತ್ತು, ತಮಾ. ಗೇರ್ ಬದಲಾಯಿಸೂವಾಗ ಉಸಿರು ತಗೊಂಡೆ. ಕಾರು ಉಸಿರು ತಗೊಳ್ಳೂದಿಲ್ಲ."

ಹಾಗಾದರೆ ಸುಳ್ಳೇ ಬಳೆ ಕಾರೆಂದು ಕೂಗಿದ್ದು ಯಾಕೆ ಎಂದು ಕೇಳಿದೆ. ಯಾರಾದರೂ ನನ್ನ ಕಣ್ಣಿನ ಗುಟ್ಟು ಹಿಡಿಯಲಿ ಎಂದು ಮಳೆಗಾಲದಿಂದ ಕಾಯುತ್ತಿದ್ದೆ, ನಿಮಗೆ ಗ್ಲಾಸು ತೊಳೆಯುವುದರಲ್ಲೇ ಆಸಕ್ತಿ ಎಂದ.

"ಮತ್ತೆ ಎಮ್ಮೆ?"

"ಎಮ್ಮೆಯೂ ಗೊತ್ತಿತ್ತು," ಎಂದು ಗೋಡೆ ಕಡೆ ಮುಖ ತಿರುಗಿಸಿದ.

ಇದು ಖರೆಯೋ, ಮಾನ ಉಳಿಸಿಕೊಳ್ಳುವ ಉಪಾಯವೋ, ಇಷ್ಟು ವರ್ಷವಾದರೂ ನಾನು ತೀರ್ಮಾನಿಸಿಲ್ಲ. ಉಸಿರಿನ ಮಾತು ಖರೆ ಇರಬೇಕು. ಎಮ್ಮೆಯ ಮಾತು ಸುಳ್ಳು ಇರಬೇಕು. ಎರಡನ್ನೂ ಒಟ್ಟಿಗೆ ಹೇಳಿಬಿಟ್ಟಿದ್ದರಿಂದ ಬಿಡಿಸಲು ಬರುವುದಿಲ್ಲ.

ಎರಡೂ ಕಣ್ಣು ತೆರೆದ ಮೇಲೆ ಮಾವನ ರಾಜ್ಯ ಮುಳುಗಿತು. ಮೋರಿಕಟ್ಟೆಯ ಮೇಲೆ ಕೂತು ಕಣ್ಣು ಬಿಟ್ಟುಕೊಂಡೇ ನೋಡುವನು. ನೋಡುವವನಿಗೆ ಕೇಳಿಸುವುದಿಲ್ಲ ಎಂದು ಕಾಣುತ್ತದೆ, ಲಾರಿಯನ್ನು ಚಿರತೆ ಎಂದ. ಗ್ಲಾಸು ತೊಳೆದ. ಮೊದಲ ಸಲ ಬಳೆ ಕಾರು ಕಣ್ಣಿಗೆ ಬಿದ್ದಾಗ, ಇಷ್ಟೇ ಸಣ್ಣದಾ ಎಂದು ಬೇಸರಪಟ್ಟ. ಕೇಳುವಾಗ ದೊಡ್ಡದಿತ್ತಂತೆ. ಅಕ್ಕಿ ಡಬ್ಬಿಯಿಂದ ಕೀಲಿ ತೆಗೆಸಿ ಒಂದೇ ಒಂದು ದಿನ ಟೆಂಪೊ ಓಡಿಸಿದ. ಹೆದ್ದಾರಿಯ ಹೊಂಡಗಳನ್ನೂ ಎದುರಿಗೆ ನುಗ್ಗುವ ಬಸ್ಸುಗಳನ್ನೂ ಸ್ಪಷ್ಟವಾಗಿ ನೋಡಿ, ಇಂಥ ರಸ್ತೆಯಲ್ಲಿ ಬುದ್ಧಿಯಿದ್ದವರು ಗಾಡಿ ಓಡಿಸುತ್ತಾರಾ ಎಂದು ಬೆವರುತ್ತ ಮನೆಗೆ ಬಂದ. ಮುಂದಿನ ವಾರ ಟೆಂಪೊ ಮಾರಿದ.

ಈಗ ಆ ಮೋರಿಕಟ್ಟೆ ಇಲ್ಲ. ಚತುಷ್ಪಥ ಅದನ್ನೂ ಚಾದಂಗಡಿಯನ್ನೂ ನುಂಗಿತು. ಮಾವ ಇದ್ದಾನೆ, ಅತ್ತೆಯ ಬೈಗುಳವೂ ಇದೆ. ಮೊನ್ನೆ ಆ ಬಿಳಿ ಕಾರು ಸವರಿಕೊಂಡು ಹೋದಾಗ ರಸ್ತೆ ಬದಿಯಲ್ಲೇ ನಿಂತು ಅವನಿಗೆ ಫೋನು ಮಾಡಿದೆ. ಸದ್ದೇ ಇಲ್ಲದ ಕಾರು ಬಂದಿದೆ ಮಾವಾ, ನಿನ್ನ ಕಿವಿಯನ್ನು ನಂಬಿ ಬೆಳೆದವ ನಾನು, ಇವತ್ತು ಸಾಯುತ್ತಿದ್ದೆ ಎಂದೆ. ಹೌದಾ ಎಂದ. ಹಾಗೆ ಹೇಳಿದರೆ ಗೊತ್ತಾಗುವುದಿಲ್ಲ, ಮಾಡಿ ತೋರಿಸು ಎಂದ.

ನಾನು ಫೋನನ್ನು ಬಾಯಿಯ ಹತ್ತಿರ ಹಿಡಿದು, ತುಟಿ ಬಿಗಿದು, ಉಸಿರು ಕಟ್ಟಿ ನಿಂತೆ. ಆ ಕಡೆಯಿಂದಲೂ ಸದ್ದಿಲ್ಲ. ಕಡಲೆ ಮಾರುವವನು ನನ್ನ ಕೆಂಪಾದ ಮುಖ ನೋಡಿ ನೀರು ಬೇಕಾ ಎಂದು ಸನ್ನೆ ಮಾಡಿದ. ಮಾವ ಕೇಳುತ್ತಿದ್ದ. ಅವನ ತಲೆ ತಗ್ಗಿದ್ದೂ ಕಣ್ಣು ಮುಚ್ಚಿದ್ದೂ ನನಗೆ ಇಲ್ಲಿಂದಲೇ ಕಂಡಿತು.

"ಹಾಂ. ಈಗ ಸಮಾ ಆಯ್ತು," ಎಂದ ಕೊನೆಗೆ. "ಹೋಯ್ತು ನೋಡು. ಗೋವೆಗೇ."

ಆಮೇಲೆ ನಾನು ಉಸಿರು ಬಿಟ್ಟೆ.