ದಿಕ್ಕು ಮಾತ್ರ ಹೋಗಿತ್ತು

ಆಸ್ಪತ್ರೆಯಿಂದ ಬಂದ ದಿನ ನನ್ನ ಹೆಂಡತಿ ತಾನೇ ಹಾಸಿಗೆ ಹಾಸಿದಳು. ದಿಂಬನ್ನು ಉತ್ತರದ ಗೋಡೆಗೆ ಇಟ್ಟಳು. ಅವಳು ವಿಜಯಪುರದ ಕಡೆಯವಳು. ಉತ್ತರಕ್ಕೆ ತಲೆ ಇಡಬಾರದೆಂದು ಮಗಳನ್ನು ಎಷ್ಟೋ ಸಲ ನಿದ್ದೆಯಲ್ಲೇ ತಿರುಗಿಸಿ ಮಲಗಿಸಿದವಳು. ಅದು ಉತ್ತರವಲ್ಲವೇ ಎಂದೆ. ಅವಳು ದಿಂಬು ನೋಡಿದಳು, ಗೋಡೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಇದು ಬಡಗಲ ಏನ್ರಿ?"

ತಮಾಷೆ ಎಂದುಕೊಂಡೆ. ಅವಳ ಮುಖದಲ್ಲಿ ತಮಾಷೆ ಇರಲಿಲ್ಲ.

ಅಲ್ಲಿಯವರೆಗೆ ನಾವು ಸಮಾಧಾನದಲ್ಲಿದ್ದೆವು. ಮಿದುಳಿನ ಹಿಂಭಾಗದ ಸಣ್ಣ ನಾಳವೊಂದರಲ್ಲಿ ರಕ್ತ ಹೆಪ್ಪುಗಟ್ಟಿತ್ತು, ನಿಜ. ಆದರೆ ಕೈಕಾಲು ಸರಿಯಾಗಿದ್ದವು, ಮಾತು ತೊದಲುತ್ತಿರಲಿಲ್ಲ, ಎಲ್ಲರ ಗುರುತೂ ಇತ್ತು. ಕಾಂದಿವಲಿಯ ನಮ್ಮ ಚಾಳಿನ ಹೆಂಗಸರು ಬಂದು, ಮಾತಾಡಿಸಿ, ನಗುತ್ತಲೇ ಹೋಗಿದ್ದರು.

ನಮ್ಮದು ಒಂದೇ ಕೋಣೆ. ಆದರೂ ಅವಳಿಗೆ ಅದರೊಳಗೆ ನಾಲ್ಕು ದಿಕ್ಕು ಇದ್ದವು. ಎಡ ಬಲ ಎನ್ನುವವಳೇ ಅಲ್ಲ. ಉಪ್ಪಿನ ಡಬ್ಬಿ ಪಡುವಲ ಹಲಗೆಯ ಮೇಲೆ. ಮಗಳಿಗೆ ತಲೆ ಬಾಚುವಾಗ, ಒಂದಿಷ್ಟು ಮೂಡಲಕ್ಕೆ ಸರಿ ಎನ್ನುತ್ತಿದ್ದಳು. ಇಲ್ಲೇ ಹುಟ್ಟಿದ ಮಗಳಿಗೆ ಈಸ್ಟ್ ವೆಸ್ಟ್ ಎಂದರೆ ಸ್ಟೇಷನ್ನಿನ ಎರಡು ಬದಿಗಳು, ಬೇರೇನೂ ಅಲ್ಲ. ಅಪ್ಪಾ, ಅವ್ವನ ತಲೆಯಲ್ಲಿ ಕಂಪಾಸ್ ಫಿಟ್ ಮಾಡಿದ್ದಾರೆ ಎಂದು ಅವಳು ನಗುತ್ತಿದ್ದಳು.

ಮರುದಿನ ಕೊತ್ತಂಬರಿ ತರಲು ಗಲ್ಲಿಯ ತುದಿಗೆ ಹೋದವಳು ಬರಲಿಲ್ಲ. ಹುಡುಕಿಕೊಂಡು ಹೋದೆ. ಮೆಡಿಕಲ್ ಅಂಗಡಿಯ ಮುಂದೆ ಕೊತ್ತಂಬರಿಯ ಕಟ್ಟು ಹಿಡಿದು ನಿಂತಿದ್ದಳು. ಅಳುತ್ತಿರಲಿಲ್ಲ. ಒಂದೊಂದಾಗಿ ಎಲ್ಲವನ್ನೂ ನೋಡುತ್ತಿದ್ದಳು.

"ಮೆಡಿಕಲ್ ಗೊತ್ತದ, ಆ ಹಿಟ್ಟಿನ ಗಿರಣಿ ಗೊತ್ತದ," ಎಂದಳು. "ನಮ್ಮ ಮನಿ ಇವುಗಳ ಯಾವ ಬದೀಗ್ ಅದ ಅನ್ನೂದು ಗೊತ್ತಾಗವಲ್ದು."

ಕೈ ಹಿಡಿದು ಕರೆತಂದೆ. ಅಂದೇ ಮತ್ತೆ ಆಸ್ಪತ್ರೆಗೆ ಕರೆದೊಯ್ದೆ.

ಡಾಕ್ಟರು ನಿಧಾನವಾಗಿ ವಿವರಿಸಿದರು. ನಾವು ನಡೆದಾಡುವ ಜಾಗದ ನಕ್ಷೆ ಮಿದುಳಿನೊಳಗೆ ಇರುತ್ತದೆ. ಒಂದೊಂದು ಜಾಗಕ್ಕೆ ಬಂದಾಗ ಒಂದೊಂದು ಗುಂಪಿನ ಕೋಶಗಳು ಎಚ್ಚರಗೊಳ್ಳುತ್ತವೆ. ನಮ್ಮ ಮುಖ ಈಗ ಯಾವ ಕಡೆಗಿದೆ ಎಂದು ತಿಳಿಸುವ ಕೋಶಗಳು ಬೇರೆಯೇ ಇವೆ. ಎರಡೂ ಒಂದಕ್ಕೊಂದು ಹೊಂದಿಕೊಂಡರೆ ಮಾತ್ರ ದಾರಿ ಸಿಗುತ್ತದೆ. ಇವಳ ನಕ್ಷೆ ಅಳಿಸಿಹೋಗಿರಲಿಲ್ಲ, ಅದನ್ನು ಯಾವ ಕಡೆಗೆ ತಿರುಗಿಸಿ ಹಿಡಿಯಬೇಕೆಂಬುದು ಹೋಗಿತ್ತು. ಮುಂದೆ ಸರಿಹೋಗಬಹುದು, ಹೋಗದೆಯೂ ಇರಬಹುದು. ಆದರೆ ನಕ್ಷೆಯಿಲ್ಲದೆ ನಡೆಯುವ ಇನ್ನೊಂದು ಬಗೆಯಿದೆ ಎಂದರು: ಇದು ಕಂಡರೆ ಹೀಗೆ ತಿರುಗು, ಅದು ಕಂಡರೆ ಹಾಗೆ. ಅದು ರೂಢಿಯ ಕೆಲಸ, ಮಿದುಳಿನಲ್ಲಿ ಅದರ ಜಾಗವೂ ಬೇರೆ. ಅದಕ್ಕೇನೂ ಆಗಿರಲಿಲ್ಲ.

ಅವಳು ಕೇಳಿದ್ದು ಒಂದೇ ಮಾತು. ಲೋಕಲ್ ರೈಲು ಹತ್ತಿ ಸಾಂತಾಕ್ರೂಜಿಗೆ ಒಬ್ಬಳೇ ಹೋಗಬಹುದೇ?

ಅಲ್ಲಿ ಸ್ಟೇಷನ್ನಿನ ಈಸ್ಟ್ ಬದಿಯ ಒಂದು ಅಡುಗೆಮನೆಯಲ್ಲಿ ಅವಳು ಎಷ್ಟೋ ವರ್ಷಗಳಿಂದ ಜೋಳದ ರೊಟ್ಟಿ ಬಡಿಯುತ್ತಿದ್ದಳು. ನಮ್ಮ ಕಡೆಯ ಹೆಂಗಸರೇ ಸೇರಿ ನಡೆಸುವ ಅಡುಗೆಮನೆ. ಅವಳ ಹಂಚಿನ ಮುಂದೆ ಇನ್ನೂ ಯಾರನ್ನೂ ಕೂರಿಸಿರಲಿಲ್ಲ. ಆದರೆ ದಿನವೂ ಒಬ್ಬರು ಕರೆದೊಯ್ದು ಕರೆತರುವುದು ಆಗದ ಮಾತು. ನನಗೆ ಫ್ಯಾಕ್ಟರಿ, ಮಗಳಿಗೆ ಆಫೀಸು. ಒಬ್ಬಳೇ ಹೋಗಲಾಗದಿದ್ದರೆ ಆ ಜಾಗ ಅವಳದಲ್ಲ.

"ಅವ್ವಾ, ಬಸ್, ಸಾಕಾತು ಈಗ. ಘರ್ ಮೇ ಆರಾಮ್ ಇರು," ಎಂದಳು ಮಗಳು.

"ಆರಾಮ್ ಇದ್ದು ಏನ್ ಮಾಡ್ಲಿ? ಈ ಗ್ವಾಡಿ ಯಾವ ದಿಕ್ಕಿಂದು ಅಂತ ದಿನಾ ನಿನ್ನ ಕೇಳಕೋತ ಕುಂಡ್ರಲೇನು?"

ಮಗಳು ಫೋನಿನ ನಕ್ಷೆ ತೋರಿಸಿದಳು. ಅದು ಮೊದಲಿಗೇ ಉತ್ತರಕ್ಕೆ ಹೋಗಿ ಎಂದಿತು. ಅವಳು ಫೋನನ್ನು ಮಗಳ ಕೈಗೇ ಕೊಟ್ಟು, ಇದಕ್ಕೂ ನನ್ನಂಥದ್ದೇ ಬ್ಯಾನಿ ಬರ್ಬೇಕು, ಆಗ ತಿಳೀತದ ಎಂದಳು. ಆಸ್ಪತ್ರೆಯಿಂದ ಬಂದ ಮೇಲೆ ನಾವು ಮೂವರೂ ಕೂಡಿ ನಕ್ಕದ್ದು ಆಗಲೇ.

ನಾನು ರಜೆ ಹಾಕಿದೆ. ದಿನವೂ ಬೆಳಗ್ಗೆ ಹೋಗುತ್ತಿದ್ದೆವು, ಬರುತ್ತಿದ್ದೆವು. ಎಡ ಬಲ ಅವಳ ನಾಲಿಗೆಗೆ ಹತ್ತಲಿಲ್ಲ. ಉಣ್ಣುವ ಕೈ, ಬಳಿ ಕೈ ಎಂದು ತಾನೇ ಹೆಸರಿಟ್ಟುಕೊಂಡಳು. ಬಲಗೈಗೆ ಬಳೆ ಹಾಕುವುದನ್ನೇ ಬಿಟ್ಟಳು. ಮೆಡಿಕಲ್, ಉಣ್ಣುವ ಕೈ. ಗಿರಣಿ, ನೆಟ್ಟಗೆ. ಹೂವಿನವಳು, ಬಳಿ ಕೈ. ಹೋಗುವ ಸಾಲು ಬಾಯಿಗೆ ಬಂದ ಮೇಲೆ ಬರುವ ಸಾಲನ್ನು ಹೊಸದಾಗಿ ಕಲಿಯಬೇಕಾಯಿತು. ಹೋದ ದಾರಿಯೇ ತಿರುಗಿ ಬರುವ ದಾರಿ ಎಂಬುದು ಈಗ ಅವಳಿಗೆ ತಾನಾಗಿ ಹೊಳೆಯುತ್ತಿರಲಿಲ್ಲ. ತಪ್ಪಿದಾಗಲೆಲ್ಲ ಮನೆಯ ಹೊಸ್ತಿಲಿಗೆ ಬಂದು ಮತ್ತೆ ಹೊರಡುತ್ತಿದ್ದಳು. ಸಾಕು ಎಂದದ್ದು ನಾನು, ಅವಳಲ್ಲ.

ಒಂದು ಸೋಮವಾರ ಒಬ್ಬಳೇ ಹೋಗುತ್ತೇನೆಂದಳು. ಹೂಂ ಎಂದೆ. ಹೇಳದೆ ಹಿಂದೆ ಹೊರಟೆ. ಅವಳು ಲೇಡೀಸ್ ಡಬ್ಬಾ ಹತ್ತಿದಳು, ನಾನು ಪಕ್ಕದ್ದು. ಸಾಂತಾಕ್ರೂಜಿನಲ್ಲಿ ಇಳಿದು ಬ್ರಿಜ್ ಹತ್ತಿದಳು, ಸರಿಯಾಗಿಯೇ ತಿರುಗಿದಳು. ಅಲ್ಲಿ, ದಿನವೂ ಇಳಿಯುತ್ತಿದ್ದ ಮೆಟ್ಟಿಲಿಗೆ ಅಡ್ಡಲಾಗಿ ತಗಡು ಹೊಡೆದಿದ್ದರು. ರಿಪೇರಿ. ಜನ ಒಂದು ಗಳಿಗೆಯೂ ನಿಲ್ಲದೆ ಇನ್ನೊಂದು ಕಡೆಗೆ ಹರಿದುಹೋಗುತ್ತಿದ್ದರು. ಅವಳು ತಗಡಿನ ಮುಂದೆ ನಿಂತಳು. ಭುಜಗಳು ತಾಗಿ ತಾಗಿ ಅವಳನ್ನು ಅರ್ಧ ಸುತ್ತು ತಿರುಗಿಸಿಬಿಟ್ಟವು. ಯಾವ ಕಡೆಯಿಂದ ಬಂದೆ ಎಂಬುದೂ ಈಗ ಅವಳಿಗೆ ತಿಳಿಯದೆಂದು ನನಗೆ ಗೊತ್ತಿತ್ತು.

ನಾನು ಮುಂದೆ ನುಗ್ಗಿದೆ. ಆಗ ಅವಳು ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಬಳೆಯಿಲ್ಲದ ಕೈಯನ್ನು ಎತ್ತಿ, ಅಂಗೈ ನನ್ನ ಕಡೆ ಮಾಡಿ, ಅಲ್ಲೇ ನಿಲ್ಲಿಸಿದಳು.

ನಿಂತೆ. ನನ್ನ ಹಿಂದಿದ್ದವರು ಹಿಂದಿಯಲ್ಲಿ ಬೈದು ಮುಂದೆ ಹೋದರು.

ಅವಳು ತಗಡಿಗೆ ಬೆನ್ನು ಆನಿಸಿ ಜನ ತೆಳುವಾಗುವವರೆಗೆ ಕಾದಳು. ಬುಟ್ಟಿ ಹೊತ್ತು ಬರುತ್ತಿದ್ದ ಒಬ್ಬ ಹೆಂಗಸನ್ನು ತಡೆದು ಏನೋ ಕೇಳಿದಳು. ಆ ಹೆಂಗಸು ಕೈ ತೋರಿಸಿ ಹೇಳಿದಳು. ಇವಳು ತಿಳಿಯಲಿಲ್ಲ ಎಂಬಂತೆ ತಲೆಯಲ್ಲಾಡಿಸಿ, ಅವಳ ಸೆರಗನ್ನೇ ಹಿಡಿದುಕೊಂಡಳು. ಇಬ್ಬರೂ ದೂರದ ಮೆಟ್ಟಿಲಿನ ಕಡೆಗೆ ನಡೆದರು. ನನಗೆ ಕಂಡದ್ದು ಅಷ್ಟು. ಹಿಂದೆ ಹೋಗುವ ಆಸೆ ಕಾಲಿನಲ್ಲಿತ್ತು. ಹೋಗಲಿಲ್ಲ.

ಪ್ಲಾಟ್‌ಫಾರ್ಮಿಗೆ ಇಳಿದೆ. ಮನೆ ಕಡೆಗೆ ಹೋಗುವ ಬೋರಿವಲಿ ಲೋಕಲ್ ಬಂತು, ಬಿಟ್ಟೆ. ಇನ್ನೊಂದು ಬಂತು, ಅದನ್ನೂ ಬಿಟ್ಟೆ. ಆಮೇಲೆ ಫೋನ್ ಬಂತು. ಅವಳ ಹಿಂದೆ ರೊಟ್ಟಿ ಬಡಿಯುವ ಸದ್ದು.

"ಮುಟ್ಟೀನ್ರಿ."

ಸಂಜೆ ಬರಲೇ ಎಂದು ಕೇಳಿದೆ.

"ಬ್ಯಾಡ," ಎಂದಳು. "ಇಲ್ಲಿಂದ ಆ ಹೊಸ ಮೆಟ್ಟಲತನಾ ಹ್ಯಾಂಗ್ ಹೋಗೂದು ಅಂತ ಕೇಳ್ಕೋತ ಕುಂತೀನಿ. ನೀವು ಕೆಲಸಕ್ಕ್ ಹೋಗ್ರಿ."